ಬಾಳವ್ವನ ಮಗ ಬೂಟು ಆರಿಸಿದ್ದು

ಈ ಕತೆಯಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. ಒಬ್ಬ ತಾಯಿ, ಒಬ್ಬ ಮಗ, ಒಂದು ಬೂಟಿನ ಅಂಗಡಿ, ಅಷ್ಟೇ. ನಗುವವರು ನಗಬಹುದು, ಬೇಡ ಅನ್ನೋದಿಲ್ಲ. ನನಗಂತೂ ಇದನ್ನು ಹೇಳಿ ಮುಗಿಸಿದ ದಿನ ಊಟ ಸೇರುವುದಿಲ್ಲ.

ತಾಯಿಯ ಹೆಸರು ಬಾಳವ್ವ. ಅಥಣಿ ಕಡೆಯವಳು, ಚಪ್ಪಲಿ ಹೊಲಿಯುವ ಮನೆತನ. ಗಂಡ ರಾಯಪ್ಪ ಸೈನಿಕರ ಬೂಟು ರಿಪೇರಿಗೆಂದು ಹಿಮಾಲಯದ ಒಂದು ಊರಿಗೆ ಹೋದ, ಇವಳೂ ಅವನ ಹಿಂದೆ ಹೋದಳು. ಅವನು ತೀರಿಕೊಂಡ ಮೇಲೆ ವಾಪಸು ಬರದೆ ಅಲ್ಲೇ ಒಂದು ಅಂಗಡಿ ಹಾಕಿದಳು. ಆ ಊರಲ್ಲಿ ಚಳಿಗಾಲ ಬಂತೆಂದರೆ ಒಂದು ಆಟ. ಒಂದೇ ಹಲಗೆಯ ಮೇಲೆ ಎರಡೂ ಕಾಲು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರಿ ಬರುವುದು. ಸ್ನೋಬೋರ್ಡು ಅನ್ನುತ್ತಾರೆ. ಹಲಗೆ ಹೆಚ್ಚುಕಮ್ಮಿ ಆದರೂ ನಡೆದೀತು, ಬೂಟು ಹೆಚ್ಚುಕಮ್ಮಿ ಆದರೆ ಕಾಲು ಮುರಿಯುತ್ತದೆ.

ಬೇರೆ ಅಂಗಡಿಯವರು ಗಂಡಸರ ಬೂಟನ್ನೇ ಸಣ್ಣ ಅಳತೆಯಲ್ಲಿ ತರಿಸಿ, ಮೇಲೊಂದು ಹೂವಿನ ಚಿತ್ರ ಇದ್ದರೆ ಸಾಕು ಅಂತ ಹೆಂಗಸರಿಗೆ ಮಾರುತ್ತಿದ್ದರು. ಬಾಳವ್ವ ಮಾರುತ್ತಿರಲಿಲ್ಲ. ಹೆಂಗಸಿನ ಹಿಮ್ಮಡಿ ಸಣ್ಣದು, ಮೀನಖಂಡ ಕೆಳಗಿನಿಂದಲೇ ತುಂಬಿಕೊಂಡು ಬರುತ್ತದೆ, ಅವಳ ಬೂಟೇ ಬೇರೆ ಎನ್ನುವುದು ಅವಳಿಗೆ ಕೈಯಿಂದ ಗೊತ್ತಿತ್ತು. ಹತ್ತು ಹದಿನೈದು ಚಳಿಗಾಲ ಜಾರಿದ ನುರಿತ ಹೆಂಗಸರು ಮೊದಲ ಹಿಮ ಬೀಳುತ್ತಲೇ, ದಾರಿ ಮುಚ್ಚುವ ಮೊದಲು, ದೂರದೂರದಿಂದ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರಿಗೆ ಬೇಕಾದದ್ದು ಮೆತ್ತನೆಯ ಬೂಟಲ್ಲ. ಗಟ್ಟಿಯದು, ದುಬಾರಿಯದು, ಕಾಲನ್ನು ಹಿಡಿದರೆ ಬಿಡದಂಥದ್ದು. ಬಾಳವ್ವ ಪಾದ ಮುಟ್ಟಿ ನೋಡಿ ಒಂದೇ ಒಂದು ಜೊತೆ ತೆಗೆದು ಇಡುತ್ತಿದ್ದಳು. ಎರಡನೆಯದು ಬೇಕಾಗುತ್ತಿರಲಿಲ್ಲ.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದವನು ಲಗಮ. ಇಪ್ಪತ್ತೆಂಟು ವರ್ಷ, ಬಾಗಿಲಿನಷ್ಟು ಎತ್ತರ, ಸುಳ್ಳು ಗೊತ್ತಿಲ್ಲ, ಸಿಟ್ಟು ಗೊತ್ತಿಲ್ಲ. ಇನ್ನೂ ಬೇಕಾದಷ್ಟು ಗೊತ್ತಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ಗುಣ, ಅದೇ ಅವನ ರೋಗ. ಹಾಲು ಉಕ್ಕದಂಗ ನೋಡ್ಕೋ ಮಗಾ ಅಂದರೆ ಒಲೆಯನ್ನೇ ಹೊತ್ತಿಸದೆ ಕೂತಿರುತ್ತಿದ್ದ. ಹಾಲು ಉಕ್ಕುತ್ತಿರಲಿಲ್ಲ, ಅದು ನಿಜ.

ಈ ವರ್ಷ ಬಾಳವ್ವನ ಎದೆ ಕೈಕೊಟ್ಟಿತು. ನಾಲ್ಕು ಹೆಜ್ಜೆ ಹಾಕಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. "ಇಲ್ಲಿಯ ಗಾಳಿ ನಿಮಗೆ ಸಾಲುವುದಿಲ್ಲ. ಕಣಿವೆಯ ದಾರಿ ಹಿಮಕ್ಕೆ ಮುಚ್ಚುವ ಮೊದಲು ಕೆಳಗಿಳಿದು ಹೋಗಿ. ಇಲ್ಲೇ ಉಳಿದರೆ ಇನ್ನೊಂದು ಚಳಿಗಾಲ ನೀವು ಕಾಣುವುದಿಲ್ಲ" ಎಂದರು ಡಾಕ್ಟರು. ಕೆಳಗೆ ಅಂದರೆ ಅಥಣಿ, ಅಣ್ಣನ ಮನೆ. ಅಣ್ಣನ ಹೆಂಡತಿ ಎಂಥವಳೆಂದರೆ, ಲಗಮ ಐದು ವರ್ಷದವನಿದ್ದಾಗ ಒಮ್ಮೆ ಕರಕೊಂಡು ಹೋದರೆ, ಇದಕ್ಕೆ ಇಲ್ಲೇ ಸಾಕು ಅಂತ ಅವನ ತಾಟನ್ನು ಎಮ್ಮೆಯ ಕೊಟ್ಟಿಗೆಯಲ್ಲಿ ಇಟ್ಟಿದ್ದಳು. ಬಾಳವ್ವನಿಗೆ ತನ್ನ ಚಿಂತೆ ಇರಲಿಲ್ಲ. ತಾನು ಕಣ್ಣು ಮುಚ್ಚಿದ ಮೇಲೆ ಆ ತಾಟು ಎಲ್ಲಿರುತ್ತದೆ ಅನ್ನುವುದು ಅವಳ ಚಿಂತೆ. ಈ ಬೆಟ್ಟದ ಊರಲ್ಲಾದರೆ ಅವನನ್ನು ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ.

ಆಗ ಅಂಗ್ಮೋ ಬಂದಳು. ಹದಿನೈದು ವರ್ಷದಿಂದ ಹೆಣ್ಣುಮಕ್ಕಳಿಗೆ ಹಿಮದ ಮೇಲೆ ಜಾರುವುದನ್ನು ಕಲಿಸುವವಳು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಅಲ್ಲಿಯವರ ಮಾತು ಹಿಂದಿ, ಆದರೆ ಕತೆ ಹೇಳುವವನು ನಾನು, ನಮ್ಮ ಮಾತಲ್ಲೇ ಹೇಳುತ್ತೇನೆ.

"ತಾಯಿ, ಅಂಗಡಿ ನಾನು ನಡೆಸುತ್ತೇನೆ. ಲಗಮನೂ ಇಲ್ಲೇ ಇರಲಿ, ನನ್ನ ಮನೆಯಲ್ಲೇ ಉಣ್ಣಲಿ. ಆದರೆ ನಾನು ಬೆಟ್ಟದ ಮೇಲಿದ್ದಾಗ ಬೂಟು ಕೊಡುವವನು ಅವನೇ. ಕೆಟ್ಟ ಬೂಟು ಹಾಕಿಕೊಂಡು ಯಾರೂ ನನ್ನ ಇಳಿಜಾರಿಗೆ ಬರಬಾರದು. ನಾಲ್ಕನೇ ದಿನ ನಾನೇ ಗಿರಾಕಿಯಾಗಿ ಬರುತ್ತೇನೆ. ನನ್ನ ಕಾಲಿಗೆ ಸರಿಯಾದದ್ದನ್ನು ಅವನೊಬ್ಬನೇ ಆರಿಸಿಕೊಟ್ಟರೆ ಅವನು ಇಲ್ಲೇ ಇರುತ್ತಾನೆ. ಇಲ್ಲವಾದರೆ ಕರಕೊಂಡು ಹೋಗಿ."

ನ್ಯಾಯವಾದ ಮಾತು. ಬಾಳವ್ವ ಒಪ್ಪಿದಳು.

ಮೊದಲ ದಿನ ಮಗನನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದಳು: "ಇವತ್ತಿಂದ ನೀನ ಕೊಡಬೇಕು. ಬಂದಾಕಿ ಹೇಳೋ ಅಳತಿ ನಂಬಬ್ಯಾಡ. ಬೂಟಿನ ಒಳಗ ಬೆರಳು ಮುಂದಿನ ಗ್ವಾಡಿಗಿ ತಾಗಬೇಕು. ತಾಗಲಿಲ್ಲಂದ್ರ ಕೊಡಬ್ಯಾಡ. ತಿಳೀತಾ?"

"ಹೂಂ ಅವ್ವಾ. ಬೆರಳು ತಾಗಬೇಕು."

ಬಾಳವ್ವ ಪರದೆಯ ಹಿಂದೆ ಹೋಗಿ ಕೂತಳು. ಪುಣೆಯ ಒಬ್ಬಳು ಬಂದಳು, ಹನ್ನೊಂದು ವರ್ಷದಿಂದ ಜಾರುವವಳು. ಆರನೇ ನಂಬರು ಬೇಕು ಅಂದಳು. ಹೇಳಿದ ಅಳತೆ ನಂಬಬಾರದಲ್ಲ, ಲಗಮ ಎಂಟನೇ ನಂಬರು ತಂದ.

"ಬೆರಳು ತಾಗತೈತೇನ್ರಿ?"

"ಎಲ್ಲಿ ತಾಗುತ್ತದೆ? ಒಳಗೆ ಇನ್ನೊಂದು ಕಾಲಿಗೂ ಜಾಗ ಇದೆ."

ತಾಗಲಿಲ್ಲ ಅಂದರೆ ಕೊಡುವ ಹಾಗಿಲ್ಲ. ಲಗಮ ಬೂಟು ಬಿಚ್ಚಿಸಿ, ಮುಂದಿನ ತುದಿಗೆ ಒಂದು ಹಳೆ ಕಾಲುಚೀಲ ತುರುಕಿದ. ತಾಗಲಿಲ್ಲ. ಇನ್ನೊಂದು ತುರುಕಿದ. ತಾಗಲಿಲ್ಲ. ನಿನ್ನೆಯ ಪೇಪರು ಮುದ್ದೆ ಮಾಡಿ ತುರುಕಿದ. ತಾಗಿತು.

"ತಾಗೈತಿ! ಇದ ನಿಮ್ಮ ಬೂಟು."

ಅವಳು ಎದ್ದು ಎರಡು ಹೆಜ್ಜೆ ಇಟ್ಟಳು, ಹಿಮ್ಮಡಿ ಎರಡು ಬೆರಳು ಮೇಲೆದ್ದು ಹೊಸ್ತಿಲಿನ ಹತ್ತಿರ ಮುಗ್ಗರಿಸಿದಳು. ಬೂಟು ಕಳಚಿ ಒಳಗೆ ಕೈಹಾಕಿದರೆ ಪೇಪರು ಬಂತು. "ಹನ್ನೊಂದು ವರ್ಷ ಜಾರಿದ್ದೇನಪ್ಪ, ಯಾವತ್ತೂ ಪೇಪರು ಓದುತ್ತ ಜಾರಿಲ್ಲ" ಎಂದು ಹೊರಟುಹೋದಳು.

ಬಾಳವ್ವ ಪರದೆ ಸರಿಸಿದಳು. "ಏನ್ ಮಾಡಿದ್ಯೋ?"

"ನೀ ಹೇಳಿದಂಗ ಮಾಡೀನಿ ಅವ್ವಾ. ಬೆರಳು ತಾಗಿತು."

"ಹಾಳಾದವನ, ಬರೇ ಬೆರಳು ತಾಗಿದ್ರ ಆತೇನು? ಹಿಮ್ಮಡ ನೋಡಬೇಕೋ, ಹಿಮ್ಮಡ! ಆಕಿ ನಡದಾಗ ಹಿಮ್ಮಡ ಒಂದು ಕೂದಲೆಳಿಯಷ್ಟೂ ಮ್ಯಾಲ ಏಳಬಾರದು. ಒಳಗ ಹಿಡದಿಟ್ಟಂಗ ಇರಬೇಕು."

"ಹೂಂ ಅವ್ವಾ. ಹಿಮ್ಮಡ ಹಿಡದಿಡಬೇಕು."

ಎರಡನೆಯ ದಿನ ಶ್ರೀನಗರದ ಕಡೆಯವಳೊಬ್ಬಳು ಬಂದಳು. ಪಂದ್ಯಗಳಲ್ಲಿ ಜಾರುವವಳು, ಉದ್ದ ಕಾಲು. ಲಗಮ ಈ ಸಲ ಬೂಟು ಕೊಟ್ಟ ಮೇಲೆ ಅವಳ ಹಿಂದೆ ನೆಲಕ್ಕೆ ಮಲಗಿ ಎರಡೂ ಕೈಯಲ್ಲಿ ಎರಡೂ ಹಿಮ್ಮಡಿ ಗಟ್ಟಿಯಾಗಿ ಹಿಡಿದ.

"ನಡೀರಿ."

ಅವಳು ನಡೆದಳು. ಹಿಂದೆ ಇವನು ತೆವಳಿದ. ಅಂಗಡಿಗೆ ಒಂದು ಸುತ್ತು ಬಂದಳು, ಇವನೂ ಹೊಟ್ಟೆಯ ಮೇಲೆ ಒಂದು ಸುತ್ತು ಬಂದ. ಮೂಲೆಯ ಬೂಟಿನ ರಾಶಿ ಮೈಮೇಲೆ ಬಿತ್ತು, ಬಿಡಲಿಲ್ಲ.

"ಹಿಮ್ಮಡ ಎದ್ದಾವೇನ್ರಿ?"

"ಹೇಗೆ ಏಳುತ್ತವೆ? ನೀನು ಹಿಡಿದುಕೊಂಡಿದ್ದೀಯಲ್ಲ."

"ಹಂಗಾದ್ರ ಸರಿ ಐತಿ. ಒಯ್ರಿ."

"ಬೆಟ್ಟದ ಮೇಲೂ ಹೀಗೇ ಹಿಡಿದುಕೊಂಡು ಬರುತ್ತೀಯಾ?"

ಲಗಮ ಯೋಚಿಸಿದ. "ಅವ್ವನ್ನ ಕೇಳಿ ಬರ್ತೀನ್ರಿ."

ಅವಳು ನಗಲಿಲ್ಲ. ನೆಲದ ಮೇಲೆ ಬಿದ್ದಿದ್ದ ಆ ದೊಡ್ಡ ಆಳನ್ನು ಒಂದು ಕ್ಷಣ ನೋಡಿ, ತಲೆ ಸವರಿ, ಬೂಟು ಅಲ್ಲೇ ಬಿಟ್ಟು ಹೋದಳು. ಪರದೆಯ ಸಂದಿಯಿಂದ ಬಾಳವ್ವ ಅದನ್ನು ನೋಡಿದಳು. ಜನ ಬೈದರೆ ತಡೆದುಕೊಳ್ಳುತ್ತಿದ್ದಳು. ಹೀಗೆ ತಲೆ ಸವರಿ ಹೋದರೆ ತಡೆಯಲಾಗುತ್ತಿರಲಿಲ್ಲ.

"ನೀ ಹೇಳಿದಂಗ ಮಾಡೀನಿ ಅವ್ವಾ. ಬಿಡಲೇ ಇಲ್ಲ."

"ನೀ ಅಲ್ಲೋ ಹಿಡಿಯೂದು, ಬೂಟು ಹಿಡೀಬೇಕು!" ಎಂದು ಕೂಗಿ, ಕೂಗಿದ್ದಕ್ಕೆ ಕೆಮ್ಮು ಬಂದು, ಗೋಡೆ ಹಿಡಿದು ಕೂತು, ಉಸಿರು ತಿರುಗಿದ ಮೇಲೆ ಮತ್ತೆ ಹೇಳಿಕೊಟ್ಟಳು. ಆ ಬೂಟಿನೊಳಗೆ ಇನ್ನೊಂದು ಮೆತ್ತನೆಯ ಒಳಬೂಟು ಇರುತ್ತದೆ. ಅದನ್ನು ತೆಗೆದು ಬಿಸಿ ಮಾಡಿ ಕಾಲಿಗೆ ಹಾಕಿದರೆ, ಆರುವಷ್ಟರಲ್ಲಿ ಅದು ಆ ಕಾಲಿನದೇ ಅಚ್ಚಾಗಿ ಕೂತುಬಿಡುತ್ತದೆ. "ಒಳಬೂಟು ಬಿಸಿ ಮಾಡು, ಕಾಲು ಇಡಸು, ಹತ್ತು ನಿಮಿಷ ಅಲಗಾಡಬ್ಯಾಡ್ರಿ ಅನ್ನು. ಅಷ್ಟ ಮಾಡಿದ್ರ ಹಿಮ್ಮಡ ತಾನ ಕೂಡತೈತಿ."

"ಹೂಂ ಅವ್ವಾ. ಬಿಸಿ ಮಾಡಬೇಕು, ಹತ್ತು ನಿಮಿಷ ಬಿಡಬಾರದು."

ಈ ಸಲ ತಿಳಿದುಕೊಂಡೇ ಹೇಳಿದ ಅಂತ ಬಾಳವ್ವನಿಗೆ ಆಸೆಯಾಯಿತು. ಆಸೆ ಕೆಟ್ಟದ್ದು.

ಮೂರನೆಯ ದಿನ ಬಂದವಳು ಮೇಲಿನ ಇಳಿಜಾರಿನಿಂದ ನೇರವಾಗಿ ಇಳಿದು ಬಂದಿದ್ದಳು. ಹಳೇ ಬೂಟು ಒಡೆದು ಒಳಗೆಲ್ಲ ಹಿಮ. ಬೆರಳುಗಳು ಬೆಳ್ಳಗಾಗಿ ಮರಗಟ್ಟಿದ್ದವು, ಜಿಗುಟಿದರೂ ಗೊತ್ತಾಗುತ್ತಿರಲಿಲ್ಲ. ಇವತ್ತೇ ಹೊಸದು ಬೇಕು ಅಂದಳು. ಲಗಮ ಒಳಬೂಟು ತೆಗೆದು ಬುಖಾರಿಯ ಮೇಲಿಟ್ಟ. ಬುಖಾರಿ ಅಂದರೆ ಅಲ್ಲಿಯ ಕಬ್ಬಿಣದ ಒಲೆ, ಹೊಗೆಯ ಕೊಳವೆ ಇರುವಂಥದ್ದು. ಎಷ್ಟು ಬಿಸಿ ಅಂತ ಅವ್ವ ಹೇಳಿರಲಿಲ್ಲ, ಆದ್ದರಿಂದ ಚೆನ್ನಾಗಿ ಬಿಸಿ ಮಾಡಿದ. ತನ್ನ ಕೈಗೆ ಬಟ್ಟೆ ಸುತ್ತಿಕೊಂಡು ಎತ್ತಿ ತಂದ. ತನ್ನ ಕೈಗೆ ಬಟ್ಟೆ ಬೇಕಾಯಿತು ಅನ್ನುವುದರಿಂದ ಅವನಿಗೆ ಏನೂ ಹೊಳೆಯಲಿಲ್ಲ.

ಕಾಲು ಇಟ್ಟಳು. ಏನೂ ಗೊತ್ತಾಗಲಿಲ್ಲ ಅವಳಿಗೆ. ಮೂರು ನಿಮಿಷ ಸುಮ್ಮನೆ ನಿಂತಿದ್ದಳು. ಆಮೇಲೆ ಬೆರಳಿಗೆ ಜೀವ ಬಂತು.

"ಬಿಚ್ಚು, ಬಿಚ್ಚು ಬೇಗ!"

"ಇನ್ನ ಏಳು ನಿಮಿಷ ಐತ್ರಿ" ಎಂದು ಲಗಮ ಅವಳ ಮೊಣಕಾಲು ತಬ್ಬಿ ಹಿಡಿದ.

ಬಾಳವ್ವ ಪರದೆ ಕಿತ್ತುಕೊಂಡೇ ಹೊರಗೆ ಬಂದಳು. ಬೂಟು ಎಳೆದಾಗ ಪಾದದ ಮೇಲೆ ನೀರಿನ ಗುಳ್ಳೆಗಳು ಎದ್ದಿದ್ದವು. ಅಂಗ್ಮೋಗೆ ಸುದ್ದಿ ಹೋಯಿತು, ಅವಳೇ ಬಂದು ಆ ಹೆಂಗಸನ್ನು ಆಸ್ಪತ್ರೆಗೆ ಕರೆದೊಯ್ದಳು. ಹೋಗುವಾಗ ಬಾಳವ್ವನ ಕಡೆ ತಿರುಗಿ, "ನಾಳೆ ಬರುತ್ತೇನೆ ಅಂದಿದ್ದೆ. ಬರುತ್ತೇನೆ. ನಾಳೆ ನಾನು ಬಂದಾಗ ಮಾತ್ರ ನೀವು ಒಂದು ಸೊಲ್ಲೂ ಎತ್ತಬಾರದು" ಅಂದಳು. ಬಾಳವ್ವ ಹೂಂ ಅಂದಳು.

ಬಾಳವ್ವ ಮಗನಿಗೆ ಹೊಡೆದಳು. ಇಪ್ಪತ್ತೆಂಟು ವರ್ಷದಲ್ಲಿ ಅದೇ ಮೊದಲು. ಹೊಡೆದ ಕೈಯನ್ನು ತಾನೇ ಹಿಡಿದುಕೊಂಡು ಅತ್ತಳು.

"ನೀ ಹೇಳಿದಂಗ ಮಾಡೀನಿ ಅವ್ವಾ."

"ಹೂಂ ಮಗಾ, ಮಾಡೀದಿ. ಆಕಿ ಮುಖ ನೋಡಬಾರದಾಗಿತ್ತೇನೋ? ಕಾಲು ಮಾತಾಡಂಗಿಲ್ಲ, ಮುಖ ಮಾತಾಡತೈತಿ. ಇನ್ನ ಮ್ಯಾಲ ಬ್ಯಾರೆ ಏನೂ ನೆನಪಿಟ್ಟಕೋಬ್ಯಾಡ, ಇದೊಂದು ಇಟ್ಟಕೋ. ಮುಖ ಕಿವುಚಿದ್ರ ಆ ಬೂಟು ಬಿಚ್ಚಿ ಹೊರಗ ಒಗಿ. ಮುಖ ನಕ್ರ ಅದ ಆಕಿ ಬೂಟು, ಗಟ್ಟಿ ಕಟ್ಟು."

"ಹೂಂ ಅವ್ವಾ. ಕಿವುಚಿದ್ರ ಒಗೀಬೇಕು. ನಕ್ರ ಕಟ್ಟಬೇಕು."

ನಾಲ್ಕನೆಯ ದಿನ ಅಂಗ್ಮೋ ಬಂದು ಬೆಂಚಿನ ಮೇಲೆ ಕೂತಳು, ಕಾಲು ಚಾಚಿದಳು. ಬಾಳವ್ವ ಪರದೆಯ ಹಿಂದೆ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಕೂತಳು.

ಲಗಮ ಒಂದನೇ ಬೂಟು ಹಾಕಿದ. ಅಗಲವಾಗಿತ್ತು. ಅಂಗ್ಮೋ ಮುಖ ಕಿವುಚಿದಳು. ಬಿಚ್ಚಿ ಬಾಗಿಲಿನಿಂದ ಹಿಮಕ್ಕೆ ಒಗೆದ. ಎರಡನೆಯದು ಹಾಕಿದ. ಕಿವುಚಿದಳು, ಒಗೆದ.

ಮೂರನೆಯದು ಕೈಗೆತ್ತಿಕೊಂಡಾಗ ಬಾಳವ್ವ ಪರದೆಯ ಸಂದಿಗೆ ಕಣ್ಣಿಟ್ಟಳು. ಆ ಕಾಲಿಗೆ ಬೇಕಾದದ್ದು ಅದೇ. ಕಪ್ಪು ಬೂಟು, ಅಂಗಡಿಯಲ್ಲಿ ಎಲ್ಲಕ್ಕಿಂತ ಗಟ್ಟಿಯದು, ಹಿಮ್ಮಡಿಯ ಹತ್ತಿರ ಕಿರಿದು, ಮೀನಖಂಡದ ಹತ್ತಿರ ಅಗಲ. ಅಂಗ್ಮೋಳ ಕಾಲನ್ನು ನೋಡಿಯೇ ಹೊಲಿದ ಹಾಗಿತ್ತು. ಲಗಮ ಹಾಕಿಸಿದ, ಬೆರಳು ಮುಂದಕ್ಕೆ ತಾಗಿತು, ಅಂಗ್ಮೋ ಎದ್ದು ಮೊಣಕಾಲು ಮಡಿಸಿದಳು, ಹಿಮ್ಮಡಿ ಅಲುಗಲಿಲ್ಲ. ಪುಣ್ಯಾತ್ಮ, ಆರಿಸಿಬಿಟ್ಟ, ಅಂದುಕೊಂಡಳು ತಾಯಿ.

ಆದರೆ ಅಂಥ ಬೂಟು ಹೊಸದರಲ್ಲಿ ಅಮುಕುತ್ತದೆ. ಕಾಲು ಗಂಟೆ ನಿಂತರೆ ಕಾಲಿಗೆ ಒಗ್ಗಿಕೊಳ್ಳುತ್ತದೆ, ನುರಿತವರಿಗೆಲ್ಲ ಗೊತ್ತು. ಅಂಗ್ಮೋಗೂ ಗೊತ್ತು. ಆದರೂ ಅಮುಕಿದಾಗ ಅಮುಕಿದ ಹಾಗೇ ಆಗುತ್ತದಲ್ಲ, ಹುಬ್ಬು ಚೂರು ಗಂಟಾಯಿತು.

ಲಗಮ ಅವಳ ಮುಖವನ್ನೇ ನೋಡುತ್ತಿದ್ದ.

ತಡಿಯೋ ಮಗಾ ಎಂದು ಕೂಗಬೇಕೆನಿಸಿತು ಬಾಳವ್ವನಿಗೆ. ಮಾತು ಕೊಟ್ಟಿದ್ದಳು. ಸೆರಗನ್ನು ಕಚ್ಚಿದಳು. ಲಗಮ ಬಗ್ಗಿ ಕಪ್ಪು ಬೂಟು ಬಿಚ್ಚಿ ಹೊರಗೆ ಒಗೆದ. ಅದು ಉಳಿದವಕ್ಕಿಂತ ದೂರ ಹೋಗಿ ಬಿತ್ತು.

ನಾಲ್ಕು, ಐದು, ಆರು. ಅಂಗ್ಮೋ ಕಿವುಚುತ್ತಲೇ ಇದ್ದಳು, ಅವನು ಒಗೆಯುತ್ತಲೇ ಇದ್ದ. ಅಂಗಡಿಯ ಗೋಡೆ ಬರಿದಾಯಿತು. ಅಂಗಳದ ತುಂಬ ಬೂಟು. ಕೊನೆಗೆ ಬೆಂಚಿನ ಕೆಳಗೆ ಒಂದು ಜೊತೆ ಸಿಕ್ಕಿತು. ಹೊಸಬರಿಗೆ ಬಾಡಿಗೆಗೆ ಕೊಡುವ ಸವಕಲು ಬೂಟು, ಗಂಡಸರದು, ಹತ್ತನೇ ನಂಬರು. ಲಗಮ ಅದನ್ನು ಅಂಗ್ಮೋಗೆ ಹಾಕಿದ ಹೊತ್ತಿಗೆ ಸರಿಯಾಗಿ ಹೊರಗೆ ಒಂದು ನಾಯಿ ಬಂದು, ಆ ಕಪ್ಪು ಬೂಟನ್ನೇ ಬಾಯಲ್ಲಿ ಕಚ್ಚಿ, ದೊಡ್ಡ ಬೇಟೆ ಸಿಕ್ಕಿತು ಅನ್ನುವ ಠೀವಿಯಲ್ಲಿ ಬಾಲ ಎತ್ತಿಕೊಂಡು ನಡೆಯಿತು. ಎಂದೂ ನಗದ ಅಂಗ್ಮೋ ನಕ್ಕುಬಿಟ್ಟಳು.

"ನಕ್ರಿ!" ಲಗಮನ ಮುಖ ಅರಳಿತು. ಆ ಸವಕಲು ಬೂಟಿಗೆ ಗಂಟಿನ ಮೇಲೆ ಗಂಟು ಹಾಕಿದ. "ಇದ ನಿಮ್ಮ ಬೂಟು. ಇನ್ನ ಬೆಟ್ಟಕ್ಕ ಹೋಗ್ರಿ."

ಅಂಗ್ಮೋಳ ನಗು ಅಲ್ಲಿಗೇ ನಿಂತಿತು. ಆ ಗಂಟು ಬಿಡಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಬಿಡಿಸಿ, ಪರದೆಯ ಹತ್ತಿರ ಬಂದು ನಿಂತಳು.

"ತಾಯಿ, ಇವನಲ್ಲಿ ಒಂದು ಎಳೆಯಷ್ಟೂ ಕೆಟ್ಟತನ ಇಲ್ಲ. ಆದರೆ ಈ ಬೂಟಲ್ಲಿ ಒಬ್ಬ ಹೆಣ್ಣುಮಗಳು ಇಳಿಜಾರಿಗೆ ಹೋದರೆ ವಾಪಸು ಬರುವುದಿಲ್ಲ. ನನ್ನ ಕೈಯಲ್ಲಿ ಆಗುವುದಿಲ್ಲ."

ಬಾಳವ್ವ ತಲೆಯಾಡಿಸಿದಳು. ಅವಳೇ ಆ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದಳು. ಅಂಗಡಿಯ ಬೀಗದ ಕೈ ಅಂಗ್ಮೋಗೆ ಕೊಟ್ಟಳು. ಅಂಗಳದಲ್ಲಿ ಬಿದ್ದ ಬೂಟುಗಳನ್ನು ಲಗಮ ಒಂದೊಂದಾಗಿ ಆರಿಸಿ ತಂದು ಒರೆಸಿ ಜೋಡಿಸಿದ. ಯಾರೂ ಹೇಳದೆ ಅವನು ಮಾಡಿದ ಕೆಲಸ ಅದೊಂದೇ. ಆದರೆ ಅದನ್ನು ನೋಡುವ ಮನಸ್ಸು ಯಾರಿಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೊನೆಯ ಜೀಪು ಹೊರಟಿತು. ಅದು ತಪ್ಪಿದರೆ ದಾರಿ ತೆರೆಯುವುದು ಬೇಸಿಗೆಗೇ. ಹಿಂದಿನ ಸೀಟಿನಲ್ಲಿ ತಾಯಿ ಮಗ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ, ಮೇಲಿನಿಂದ ಹಿಮ ಉದುರುತ್ತಿತ್ತು.

"ಮಾಮಾನ ಮನ್ಯಾಗ ಎಮ್ಮಿ ಅದಾವೇನ್ ಅವ್ವಾ?" ಎಂದು ಕೇಳಿದ ಲಗಮ, ಖುಷಿಯಿಂದ.

ಬಾಳವ್ವ ತಡೆದುಕೊಂಡು ಕೂತಿದ್ದಳು ಇಷ್ಟು ಹೊತ್ತು. ಈ ಮಾತಿಗೆ ತಡೆಯಲಾಗಲಿಲ್ಲ. ಅವಳ ಮುಖ ಕಿವುಚಿಕೊಂಡಿತು, ಸದ್ದಿಲ್ಲದೆ ಅಳತೊಡಗಿದಳು.

ಲಗಮ ಅವ್ವನ ಮುಖ ನೋಡಿದ. ಆಮೇಲೆ ಅವ್ವನ ಕಾಲು ನೋಡಿದ. ಉಣ್ಣೆಯ ಬೂಟು ಹಾಕಿಕೊಂಡಿದ್ದಳು. ಥಟ್ಟನೆ ಬಗ್ಗಿದ, ಎರಡನ್ನೂ ಎಳೆದು ಬಿಚ್ಚಿದ, ಕಿಟಕಿ ಇಳಿಸಿ ಹೊರಗೆ ಒಗೆದ. ಬೂಟು ಪ್ರಪಾತಕ್ಕೆ ಹೋದವು.

"ಏ ಏನ್ ಮಾಡಿದ್ಯೋ? ಗಾಡಿ ನಿಲ್ಸಪ್ಪಾ!"

"ಇಲ್ಲಿ ನಿಲ್ಲಿಸಿದರೆ ಎಲ್ಲರೂ ಇಲ್ಲೇ ಉಳೀತೀವಿ ತಾಯಿ" ಎಂದ ಡ್ರೈವರು, ತಿರುಗಿ ಕೂಡ ನೋಡದೆ.

ಬಾಳವ್ವನ ಅಳು ಹೆಚ್ಚಾಯಿತು. ಮುಖ ಇನ್ನಷ್ಟು ಕಿವುಚಿತು. ಬೂಟು ಹೋದರೂ ಕಿವುಚಿದೆ ಅಂದರೆ ಕಾಲುಚೀಲದ್ದೇ ತಪ್ಪು. ಲಗಮ ಕಾಲುಚೀಲ ಎಳೆದು ಅವನ್ನೂ ಒಗೆದ. ಕಿಟಕಿಯಿಂದ ಬಂದ ಹಿಮ ಅವಳ ಬರಿಗಾಲಿನ ಮೇಲೆ ಕೂತಿತು.

"ಇನ್ನ ಎಲ್ಲಿ ಚುಚ್ಚತೈತಿ ಅವ್ವಾ?"

ಅವನು ಕಣ್ಣಲ್ಲಿ ಕಣ್ಣಿಟ್ಟು ಅವಳ ಮುಖ ನೋಡುತ್ತ ಕೂತಿದ್ದ. ಅವಳಿಗೆ ಆ ನೋಟ ಅರ್ಥವಾಯಿತು. ತಾನು ಅಳುತ್ತಿರುವಷ್ಟು ಹೊತ್ತೂ ಇವನು ಏನಾದರೊಂದನ್ನು ಬಿಚ್ಚಿ ಒಗೆಯುತ್ತಲೇ ಇರುತ್ತಾನೆ. ಮುಂದಿನದು ಶಾಲು. ಸೆರಗಿನಿಂದ ಮುಖ ಒರೆಸಿಕೊಂಡಳು, ತುಟಿ ಒತ್ತಿ ಹಿಡಿದಳು, ಆಮೇಲೆ ಹೇಗೋ ಮಾಡಿ ಮಗನಿಗೆ ನಕ್ಕು ತೋರಿಸಿದಳು.

"ನಕ್ಕಿ!" ಅವನಿಗೆ ಜೀವ ಬಂದಂತಾಯಿತು. ತನ್ನ ಕೊರಳಿನ ಮಫ್ಲರ್ ಬಿಚ್ಚಿ, ಅವಳ ಎರಡೂ ಬರಿಗಾಲನ್ನು ಜೋಡಿಸಿ, ಹಲಗೆಗೆ ಬಿಗಿದ ಹಾಗೆ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿದ. ಹಾಕಿ ಸಮಾಧಾನದಿಂದ ಹಿಂದಕ್ಕೆ ಒರಗಿದ.

"ಇದ ನಿನ್ನ ಅಳತಿ ಅವ್ವಾ. ಬರಿಗಾಲು. ಇಷ್ಟು ವರ್ಷ ಬೂಟು ಯಾಕ ಹಾಕ್ಕೊಂಡಿದ್ದಿ?"

ಬಾಳವ್ವ ನಗುತ್ತಲೇ ಇರಬೇಕಾಯಿತು. ಅಥಣಿ ಇನ್ನೂ ನಾಲ್ಕು ದಿನದ ದಾರಿ. ಅವರಿಬ್ಬರೂ ಹಾಗೇ ಇಳಿಯುತ್ತ ಇರಲಿ, ನಾವು ನಮ್ಮ ನಮ್ಮ ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆಯೋಣ.